ಗೆಳತಿಗೆ ಹೆಸರಿಟ್ಟ ವರ್ಷ

ಕಥೆ ಮುಗಿದ ಮೇಲೆ ಇದರ ನೀತಿ ಏನು ಅಂತ ನಮ್ಮ ಕನ್ನಡ ಮೇಡಂ ಯಾವತ್ತೂ ಕೇಳುತ್ತಿರಲಿಲ್ಲ. ಅವರದು ಒಂದೇ ಪ್ರಶ್ನೆ: "ಅವಳನ್ನು ಯಾರಾದರೂ ಕೇಳಿದರಾ?" ಮೊದಮೊದಲು ನಮಗೆ ಅದು ತಮಾಷೆ. ಮೇಡಂ ಒಳಗೆ ಬರುವ ಮೊದಲೇ ಹಿಂದಿನ ಬೆಂಚಿನವರು ಅವರದೇ ಧಾಟಿಯಲ್ಲಿ ಅದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಆ ಪ್ರಶ್ನೆಗೆ ಎಷ್ಟು ತೂಕ ಇದೆ ಅಂತ ಗೊತ್ತಾಗಿದ್ದು 'ಕೆರೆಗೆ ಹಾರ' ಅನ್ನುವ ಜನಪದ ಹಾಡಿನ ಪಾಠ ಶುರುವಾದಾಗ.

ಹಾಡು ನಿಮಗೆಲ್ಲ ಗೊತ್ತಿರುತ್ತದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಜೋಯಿಸರ ಹೊತ್ತಿಗೆ ತೆಗೆಸಿ ನೋಡಿದರೆ ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕು ಅಂತ ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಕುಂದು. ಹಾಗಾಗಿ ಕಿರಿಸೊಸೆ ಭಾಗೀರಥಿ. ಗಂಡ ಮಾದೇವರಾಯ ಊರಲ್ಲಿಲ್ಲ, ದಂಡಿನಲ್ಲಿದ್ದಾನೆ. ಪೂಜೆ ಮುಗಿಸಿ ವಾಪಸ್ ಹೊರಟವರು, ಮರೆತು ಬಂದ ಬಂಗಾರದ ಬಟ್ಟಲು ತರಲು ಅವಳೊಬ್ಬಳನ್ನೇ ಕಳಿಸುತ್ತಾರೆ. ಕೆರೆಯಲ್ಲಿ ನೀರು ಏರಿ ಅವಳು ಮುಳುಗಿಹೋಗುತ್ತಾಳೆ.

ಮೇಡಂ ಇದನ್ನು ಹಾಡಿಯೇ ಹೇಳಿದರು. ದನಿ ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಯಾರೂ ಅಲುಗಾಡಲಿಲ್ಲ. ಆಮೇಲೆ ಎಂದಿನ ಪ್ರಶ್ನೆ. ಉತ್ತರ ಹುಡುಕಲು ನಾವು ಹಾಡನ್ನು ಸಾಲುಸಾಲಾಗಿ ಓದಬೇಕಾಯಿತು. ಆಗ ಸಿಕ್ಕಿದ್ದು ತವರಿನ ಭಾಗ. ಯಾಕಮ್ಮ ಮುಖ ಸಣ್ಣ ಮಾಡಿಕೊಂಡು ಬಂದೆ ಅಂತ ಅಪ್ಪ ಕೇಳಿದರೆ ಭಾಗೀರಥಿ ನಿಜ ಹೇಳುವುದಿಲ್ಲ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಅದಕ್ಕೇನು, ಹೊಲಮನೆ ಕೊಡುತ್ತೇನೆ ಅನ್ನುತ್ತಾನೆ ಅಪ್ಪ. ಅವಳು ನಿಜ ಹೇಳುವುದು ಗೆಳತಿಯ ಹತ್ತಿರ ಮಾತ್ರ.

ಅಪ್ಪನಿಗೆ ಯಾಕೆ ಹೇಳಲಿಲ್ಲ? ಇದೇ ದೊಡ್ಡ ಜಗಳವಾಯಿತು. "ಹೇಳಿದ್ದರೆ ತಾನೇ ಏನಾಗುತ್ತಿತ್ತು, ಸಮಾಧಾನ ಮಾಡಿ ವಾಪಸ್ ಕಳಿಸುತ್ತಿದ್ದ" ಅಂದಳು ಒಬ್ಬಳು. "ಊರಿಗೆಲ್ಲ ನೀರು ಬೇಕಲ್ವಾ" ಅಂದ ಇನ್ನೊಬ್ಬ. ಮೇಡಂ ಅವನ ಮಾತನ್ನು ತಳ್ಳಿಹಾಕಲಿಲ್ಲ. ಕೆರೆ ಕಟ್ಟಿಸುವುದು ನಮ್ಮಲ್ಲಿ ಪುಣ್ಯದ ಕೆಲಸ, ಆ ಆಸೆ ದೊಡ್ಡದೇ ಅಂದರು. ಆಮೇಲೆ ಮೆಲ್ಲಗೆ, "ಹಾಗಾದರೆ ಗೌಡರೇ ಯಾಕೆ ಹಾರವಾಗಲಿಲ್ಲ?" ಅಂದರು. ಅವನು ಸುಮ್ನೆ ಕೂತುಬಿಟ್ಟ.

ಹುಡುಗರಿಗೆ ಮಾದೇವರಾಯನದೇ ಬೇರೆ ಕಷ್ಟ. ಕೆಟ್ಟ ಕನಸು ಕಂಡು ಕುದುರೆ ಹತ್ತಿ ಬರುತ್ತಾನೆ. ಮನೆಯವರು ಸುಳ್ಳು ಹೇಳುತ್ತಾರೆ. ಗೆಳತಿ ನಿಜ ಹೇಳುತ್ತಾಳೆ. ಅವನೂ ಕೆರೆಗೆ ಹಾರುತ್ತಾನೆ. ಗಂಡನ ಹಿಂದೆ ಹೆಂಡತಿ ಹೋಗುವ ಕಥೆ ಬೇಕಾದಷ್ಟು ಕೇಳಿದ್ದೆವು. ಹೆಂಡತಿಯ ಹಿಂದೆ ಹೋದ ಗಂಡನನ್ನು ಎಲ್ಲಿಡಬೇಕೋ ಯಾರಿಗೂ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಯಾವ ಪಾಠವೂ ಸಲೀಸಾಗಿ ಮುಗಿಯುತ್ತಿರಲಿಲ್ಲ. ಊಟಕ್ಕೆ ಕೂತ ಗಂಡನನ್ನು ಎಬ್ಬಿಸಬಾರದು ಅಂತ ಓಬವ್ವ ತಾನೇ ಒನಕೆ ಹಿಡಿದು ನಿಂತಳಂತೆ. ಅವಳು ಪಾಲಿಸಿದ್ದು ಯಾವುದು, ಮೀರಿದ್ದು ಯಾವುದು? ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮ ಬರೆದದ್ದು ಪತಿವ್ರತೆಯ ಧರ್ಮದ ಬಗ್ಗೆ. ಅದೇ ಕಾವ್ಯದಲ್ಲಿ, ಹೆಣ್ಣೆಂದು ಹೀಗಳೆಯುವವರನ್ನು 'ಕಣ್ಣು ಕಾಣದ ಗಾವಿಲರು', ಅಂದರೆ ಮೂಢರು, ಅಂತ ಬೈದಿದ್ದಾಳೆ. ಕಟ್ಟಳೆಯೂ ಅದನ್ನು ಪ್ರಶ್ನಿಸುವ ಮಾತೂ ಒಂದೇ ಕಥೆಯೊಳಗೆ ಇರುತ್ತವೆ ಅನ್ನುವುದು ನನಗೆ ಗೊತ್ತಾಗಿದ್ದು ಈ ತರಗತಿಯಲ್ಲಿ. ಹಳೆಯ ಕಥೆಗಳನ್ನು ಎಸೆದುಬಿಡಿ ಅನ್ನುವವರ ಮೇಲೂ, ಹೇಳಿದ್ದನ್ನು ಹೇಳಿದ ಹಾಗೇ ನಂಬಿ ಅನ್ನುವವರ ಮೇಲೂ ಇವತ್ತಿಗೂ ನನಗೆ ಅಷ್ಟೇ ಅನುಮಾನ.

ವಾರ್ಷಿಕೋತ್ಸವಕ್ಕೆ 'ಕೆರೆಗೆ ಹಾರ'ವನ್ನೇ ನಾಟಕ ಮಾಡಿದೆವು. ಪಾತ್ರಗಳನ್ನು ಚೀಟಿ ಎತ್ತಿ ಹಂಚಿದರು. ಭಾಗೀರಥಿ ಒಬ್ಬ ಹುಡುಗನಿಗೆ ಬಂತು, ಮಲ್ಲನಗೌಡ ಒಬ್ಬ ಹುಡುಗಿಗೆ. ಒಬ್ಬರು ಪೋಷಕರು ತಕರಾರು ತೆಗೆದರು. ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಹಾಕುವುದು ಹೊಸದೇನಲ್ಲವಲ್ಲ ಅಂದರು ಮೇಡಂ. ಅವರ ತಕರಾರು ಅದಲ್ಲವೇ ಅಲ್ಲ! ಹುಡುಗ ಸೀರೆ ಉಟ್ಟರೆ ಅಡ್ಡಿಯಿಲ್ಲ, ಹುಡುಗಿ ಮೀಸೆ ಅಂಟಿಸಿಕೊಳ್ಳಬಾರದು. ನಾಟಕದ ದಿನ ಗೌಡತಿ ಮೀಸೆ ತಿರುವಿದಾಗಲೇ ಜಾಸ್ತಿ ಚಪ್ಪಾಳೆ ಬಿತ್ತು ಅನ್ನಿ.

ನನ್ನ ಚೀಟಿಯಲ್ಲಿ ಬಂದದ್ದು ಗೆಳತಿ. ಇಡೀ ಹಾಡಿನಲ್ಲಿ ನಿಜ ಕೇಳಿಸಿಕೊಂಡವಳು, ನಿಜ ಹೇಳಿದವಳು ಅವಳೊಬ್ಬಳೇ. ಅವಳಿಗೆ ಹೆಸರಿಲ್ಲ. ನಾವು ನಿಂಗವ್ವ ಅಂತ ಇಟ್ಟೆವು. ಕಷ್ಟವಾಗಿದ್ದು ಅವಳ ಒಂದು ಮಾತು. ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು ಅನ್ನುತ್ತಾಳೆ ಗೆಳತಿ. ಇದನ್ನು ಹೇಗೆ ಹೇಳುವುದು? ಬುದ್ಧಿವಾದದ ಹಾಗೆ ಹೇಳಿದೆ, ಅಳುತ್ತಾ ಹೇಳಿದೆ, ಸಿಟ್ಟಿನಲ್ಲಿ ಹೇಳಿದೆ. ಯಾವುದು ಸರಿ ಅಂತ ಮೇಡಂ ಹೇಳಲೇ ಇಲ್ಲ. ಕೊನೆಗೆ ಆ ಮಾತನ್ನು ಭಾಗೀರಥಿಯ ಮುಖ ನೋಡದೆ ಹೇಳಿದೆ. ಅದು ಮೇಡಂಗೆ ಒಪ್ಪಿಗೆಯಾಯಿತೋ ಇಲ್ಲವೋ, ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು.

ನಾಟಕದ ಬರಹ ಒಂದು ನೋಟ್‌ಬುಕ್ಕಿನಲ್ಲಿತ್ತು. ನಮ್ಮ ಬ್ಯಾಚಿನ ಯಾರ ಮನೆಯಲ್ಲಾದರೂ ಇದ್ದರೆ ಶಾಲೆಗೆ ತಲುಪಿಸಿ. ಈಗಿನ ಮಕ್ಕಳು ನಿಂಗವ್ವನ ಹೆಸರು ಬದಲಾಯಿಸಿದರೂ ನನ್ನದೇನೂ ಅಡ್ಡಿಯಿಲ್ಲ. ಆದರೆ ಪಾತ್ರಗಳನ್ನು ಮಾತ್ರ ಚೀಟಿ ಎತ್ತಿಯೇ ಹಂಚಿ.