ಚುಕ್ಕಿಗೆ ಜಂತುಹುಳು

ನಮ್ಮ ಮೊಲ ಚುಕ್ಕಿಗೆ ಜಂತುಹುಳು ಆಗಿದೆ. ಈ ವಾರ ಪೂರ್ತಿ ಮನೆಯಲ್ಲಿ ಬೇರೆ ಮಾತೇ ಇಲ್ಲ. ಔಷಧಿ ಶುರುವಾಗಿದೆ, ಮೊಲ ಲವಲವಿಕೆಯಿಂದಿದೆ, ಆ ಚಿಂತೆ ಈಗ ಅಷ್ಟಿಲ್ಲ. ಆದರೆ ಡಾಕ್ಟರ್ ಕೇಳಿದ ಒಂದು ಪ್ರಶ್ನೆ ಮಾತ್ರ ತಲೆಯಲ್ಲೇ ಕೂತಿದೆ.

ಗೂಡು ಗುಡಿಸುವಾಗ ಕಣ್ಣಿಗೆ ಬಿದ್ದಿದ್ದು ಅದು. ಹಿಕ್ಕೆ ಎಂದಿನ ಹಾಗೆ ಗುಂಡಗೆ, ಗಟ್ಟಿಯಾಗೇ ಇದ್ದವು. ಒಂದರ ಮೇಲೆ ಬಿಳಿ ದಾರದ ಎಳೆ ಅಂಟಿಕೊಂಡ ಹಾಗಿತ್ತು. ಬಗ್ಗಿ ನೋಡಿದೆ. ಒಂದು ಸೆಂಟಿಮೀಟರ್ ಉದ್ದವೂ ಇಲ್ಲ, ಒಂದು ತುದಿ ಚೂಪು. ಆ ತುದಿ ಮೆಲ್ಲಗೆ ಮೇಲೆದ್ದಿತು, ಅತ್ತಿತ್ತ ಆಡಿತು, ಮತ್ತೆ ಹಿಕ್ಕೆಗೆ ಅಂಟಿಕೊಂಡಿತು. ನನ್ನ ಮೈಯೆಲ್ಲ ಜುಮ್ಮೆಂದಿತು. ಪಕ್ಕದಲ್ಲೇ ಚುಕ್ಕಿ ಮುಖ ತೊಳೆದುಕೊಳ್ಳುತ್ತಾ ಕೂತಿತ್ತು.

ಮುಚ್ಚಳದ ಡಬ್ಬಿಯಲ್ಲಿ ಆ ಹಿಕ್ಕೆ ಹಾಕಿಟ್ಟೆ. ಆಮೇಲೆ ಶುರುವಾಯಿತು ನೋಡಿ, ಜನರ ಮಾತು.

ಅಕ್ಕ ಫೋನಿನಲ್ಲಿ ಮೊದಲು ಕೇಳಿದ್ದು, "ಅಯ್ಯೋ, ಅದು ನಿಮಗೂ ಬರುತ್ತಾ?" ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು ಕೇಳಿದರು, "ಮಕ್ಕಳಿಗೆ ಬರಲ್ಲ ತಾನೇ? ಸುಮ್ನೆ ಯಾಕೆ ಈ ಗೋಳು, ಯಾರಿಗಾದರೂ ಕೊಟ್ಟುಬಿಡಿ." ದಿನಾ ಚುಕ್ಕಿಯ ಫೋಟೊ ಕಳಿಸು ಅನ್ನುವ ಗೆಳತಿ ಕೂಡ ಅದನ್ನೇ ಕೇಳಿದಳು. ಅಕ್ಕ ಕೆಟ್ಟವಳಲ್ಲ. ಯಾರಿಗೆ ಜ್ವರ ಬಂದರೂ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುವವಳು ಅವಳೇ. ಪಕ್ಕದ ಮನೆಯವರ ಬಗ್ಗೆ ಅಷ್ಟು ಒಳ್ಳೆ ಮಾತು ಹೇಳೋಕೆ ನನಗೆ ಬರುವುದಿಲ್ಲ. ಹೋದ ತಿಂಗಳಷ್ಟೇ ಅವರ ಮಕ್ಕಳು ಇದೇ ಮೊಲವನ್ನು ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ.

ಔಷಧಿ ಅಂಗಡಿಯಲ್ಲಿ ಇನ್ನೊಂದು. "ನಾಯಿಗೆ ಕೊಡೋ ಹುಳದ ಮಾತ್ರೆ ಇದೆ, ಅರ್ಧ ಮುರಿದು ಹಾಕಿ, ಆಗುತ್ತೆ" ಅಂದರು. ಮೊಲದ ತೂಕ ಎಷ್ಟು, ಯಾವ ಹುಳು, ಒಂದನ್ನೂ ಕೇಳಲಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ನಾಯಿಗೆ ಒಗ್ಗುವುದೆಲ್ಲ ಮೊಲಕ್ಕೆ ಒಗ್ಗುವುದಿಲ್ಲ. ನಾಯಿಗೆ ಚಿಗಟ ಹೋಗಲೆಂದು ಹಾಕುವ ಫಿಪ್ರೊನಿಲ್ ಮೊಲಕ್ಕೆ ವಿಷ. ಮೊಲ ಸಾಕಿದವರು ಇದನ್ನೊಂದು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇಷ್ಟೆಲ್ಲ ಕೇಳಿಸಿಕೊಂಡು ಡಾಕ್ಟರ್ ಹತ್ತಿರ ಹೋದೆ. ಕೂತ ಕೂಡಲೇ ಡಬ್ಬಿ ಮುಂದಿಟ್ಟು, "ಹುಳು ತಂದಿದ್ದೀನಿ ಮೇಡಂ" ಅಂದೆ. ಅವರು ಡಬ್ಬಿ ಮುಟ್ಟಲೇ ಇಲ್ಲ.

"ಇರಲಿ, ಆಮೇಲೆ ನೋಡ್ತೀನಿ. ತಿಂತಾ ಇದೆಯಾ?"

ನಾನು ಹುಳು ಎಷ್ಟು ಉದ್ದ, ಹೇಗೆ ಆಡುತ್ತಿತ್ತು ಅಂತ ಹೇಳತೊಡಗಿದೆ. ಅವರು ಚುಕ್ಕಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಮತ್ತೆ ಅದನ್ನೇ ಕೇಳಿದರು. "ಸರಿ. ತಿಂತಾ ಇದೆಯಾ? ಹುಲ್ಲು ಬಿಟ್ಟಿಲ್ಲ ತಾನೇ?"

ಇಲ್ಲ, ಚೆನ್ನಾಗಿ ತಿಂತಾ ಇದೆ ಅಂದೆ. ಆಗ ಅವರ ಮುಖ ಸಡಿಲವಾಯಿತು. ಡಬ್ಬಿ ತೆಗೆದುಕೊಂಡರು.

ಯಾಕೆ ಹಾಗೆ ಕೇಳಿದರು ಅಂತ ಅವರೇ ವಿವರಿಸಿದರು. ಮೊಲದ ಕರುಳು ಸದಾ ಓಡುತ್ತಿರಬೇಕಂತೆ. ಅರ್ಧ ದಿನ ಏನೂ ತಿನ್ನದೆ ಕೂತರೆ ಅದು ತುರ್ತು, ಕಾಯುವ ಹಾಗಿಲ್ಲ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಔಷಧಿಗೆ ಮುಂಚೆ ಉಪವಾಸ ಕೆಡವುವ ಮಾತೇ ಇಲ್ಲ. ಇನ್ನೂ ಒಂದು ಕೇಳಿದರು: ಹುಳು ಕಂಡಿದ್ದು ಹಿಕ್ಕೆಯ ಮೇಲಾ, ಬಾಲದ ಹತ್ತಿರ ಚರ್ಮದಲ್ಲಾ? ಕೊಳೆಯಾದ ತುಪ್ಪಳದಲ್ಲಿ ನೊಣ ಮೊಟ್ಟೆಯಿಟ್ಟು, ಅದರ ಮರಿಹುಳು ಚರ್ಮವನ್ನೇ ಕೊರೆಯುವುದುಂಟು. ಅದಾದರೆ ಗಂಟೆಗಳ ಲೆಕ್ಕ. ಪುಣ್ಯಕ್ಕೆ ನಮ್ಮದು ಹಿಕ್ಕೆಯ ಮೇಲಿನದೇ.

ಅದು ಮೊಲದ ಪಿನ್‌ವರ್ಮ್. ಪ್ಯಾಸಲೂರಸ್ ಆಂಬಿಗುವಸ್ ಅಂತ ಹೆಸರು. ದೊಡ್ಡ ಕರುಳು ಮತ್ತು ಅದರ ಶುರುವಿನ ಚೀಲದಲ್ಲಿ ವಾಸ. ಬಹಳಷ್ಟು ಮೊಲಗಳಲ್ಲಿ ಇದ್ದರೂ ತೊಂದರೆ ಕೊಡುವುದಿಲ್ಲ. ಜಾಸ್ತಿಯಾದಾಗ ಹಿಂಭಾಗ ಕೆರೆತ, ತುಪ್ಪಳ ಮಂಕಾಗುವುದು, ಮರಿಗಳಾದರೆ ತೂಕ ಏರದಿರುವುದು, ಇಷ್ಟು. ಮನುಷ್ಯರಿಗೆ ಅಂಟುವುದಿಲ್ಲ. ಮಕ್ಕಳ ಹೊಟ್ಟೆಯಲ್ಲಿ ಆಗುವ ಪಿನ್‌ವರ್ಮ್ ಬೇರೆ ಜಾತಿ. ನಾಯಿ, ಬೆಕ್ಕಿಗೂ ಇದು ಹತ್ತುವುದಿಲ್ಲ. ಅಕ್ಕನ ಪ್ರಶ್ನೆಗೆ ಉತ್ತರ ಒಂದೇ ಮಾತಿನಲ್ಲಿ ಮುಗಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಮೊಲ ಎರಡು ಥರ ಹಿಕ್ಕೆ ಹಾಕುತ್ತೆ. ನಾವು ಗುಡಿಸುವ ಒಣ ಗುಂಡು ಒಂದು. ಇನ್ನೊಂದು ಮೆತ್ತಗೆ, ಕಪ್ಪಗೆ, ಲೋಳೆ ಹೊದ್ದಿರುತ್ತೆ. ಅದು ನೆಲಕ್ಕೆ ಬೀಳುವ ಮೊದಲೇ ಮೊಲ ಬಗ್ಗಿ ಬಾಯಿ ಹಾಕಿ ನುಂಗುತ್ತೆ. ಅಸಹ್ಯ ಅನ್ನಬೇಡಿ, ಅದರಲ್ಲಿ ಬಿ ವಿಟಮಿನ್ನು, ಪ್ರೋಟೀನು ಇರುತ್ತೆ, ಅದಿಲ್ಲದೆ ಮೊಲ ಸೊರಗುತ್ತೆ. ಬಾಲದ ಹತ್ತಿರ ಹುಳು ಇಟ್ಟ ಮೊಟ್ಟೆಗಳೂ ಅದೇ ತುತ್ತಿನ ಜೊತೆ ಹೊಟ್ಟೆಗೆ ವಾಪಸ್ ಹೋಗುತ್ತವೆ. ಅದಕ್ಕೇ ಒಂದೇ ಸಲದ ಔಷಧಿ ಸಾಲದು. ಡಾಕ್ಟರ್ ತೂಕ ನೋಡಿ ಫೆನ್‌ಬೆಂಡಝೋಲ್ ಬರೆದರು. ಐದು ದಿನ ಕೊಟ್ಟು, ಎರಡು ವಾರ ಬಿಟ್ಟು ಮತ್ತೆ ಕೊಡಬೇಕು. ಅಳತೆ ಮೀರಿದರೆ ಮೊಲದ ಮೂಳೆಯ ಮಜ್ಜೆಗೆ ಪೆಟ್ಟು ಬೀಳುವುದುಂಟು ಅಂತ ಎಚ್ಚರಿಸಿದರು. ಅಂಗಡಿಯ ಆ "ಅರ್ಧ ಮುರಿದು ಹಾಕಿ" ಆಗ ನೆನಪಾಗಿ ಹೊಟ್ಟೆ ತಣ್ಣಗಾಯಿತು.

ಔಷಧಿ ಕುಡಿಸುವುದು ಸುಲಭವಲ್ಲ. ಟವೆಲ್ಲಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು, ಸೂಜಿಯಿಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ಹಾಕಬೇಕು. ಮುಂದಿನ ಹಲ್ಲಿನ ಹಿಂದೆ ಹಲ್ಲೇ ಇಲ್ಲದ ಜಾಗ ಇದೆ, ಅಲ್ಲಿಂದ. ಸ್ವಲ್ಪ ಸ್ವಲ್ಪವೇ. ನುಂಗುವಾಗ ಗಂಟಲು ಮೇಲೆ ಕೆಳಗೆ ಆಡುವುದು ಹೆಬ್ಬೆರಳಿಗೆ ತಿಳಿಯುತ್ತೆ. ಅಷ್ಟು ಹತ್ತಿರ ಹಿಡಿದಾಗ ಗುಂಡಿಗೆ ಬಡಿಯುವ ವೇಗ ಕೈಗೇ ಸಿಗುತ್ತೆ. ಹೆದರಿರುತ್ತೆ ಪಾಪ. ಆದರೂ ಬಿಟ್ಟ ತಕ್ಷಣ ಹೋಗಿ ಒಣಹುಲ್ಲಿಗೆ ಬಾಯಿ ಹಾಕುತ್ತೆ. ಆ ಕರಕರ ಸದ್ದು ಕೇಳುವವರೆಗೆ ನಾನು ಅಲ್ಲಿಂದ ಏಳುವುದಿಲ್ಲ.

ಈ ವಾರ ಎಷ್ಟು ಜನ "ನಮಗೆ ಬರುತ್ತಾ" ಅಂದರು! ತಪ್ಪು ಪ್ರಶ್ನೆ ಅಂತ ನಾನು ಹೇಳುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಕೇಳಲೇಬೇಕು. ಆದರೆ ಉತ್ತರ ಸಿಕ್ಕ ಮೇಲೂ ಹೆಚ್ಚಿನವರು ಮುಂದಿನ ಪ್ರಶ್ನೆ ಕೇಳಲೇ ಇಲ್ಲ. ಬರಲ್ಲ ಅಂದ ಕೂಡಲೇ ಮಾತು ಮುಗಿಯಿತು. ಮೊಲ ಹೇಗಿದೆ ಅನ್ನುವುದು ಹಾಗೇ ಉಳಿಯಿತು. ಮನುಷ್ಯರಿಗೂ ಹೀಗೇ ಆಗುತ್ತೆ, ಅಲ್ವಾ? ಮೈಮೇಲೆ ಗುಳ್ಳೆ ಎದ್ದವರನ್ನು, ಬಿಡದೆ ಕೆಮ್ಮುವವರನ್ನು ನೋಡಿದರೆ ನಮ್ಮ ಕಾಲು ತಾನಾಗಿ ಹಿಂದೆ ಸರಿಯುತ್ತೆ. ಅವರಿಗೆ ಅದು ಕಾಣುತ್ತೆ ಕೂಡ. ನಮ್ಮಜ್ಜಿ ಹಾಗಲ್ಲ. ಯಾರು ಹಾಸಿಗೆ ಹಿಡಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದದ್ದು "ಊಟ ಸೇರ್ತಾ ಇದೆಯಾ?" ಅಂತ. ಕಾಯಿಲೆಯ ಹೆಸರು ಆಮೇಲೆ. ಡಾಕ್ಟರ್ ಮಾತು ಇಷ್ಟು ದಿನ ಕಾಡುತ್ತಿರುವುದು ಅದಕ್ಕೇ ಇರಬೇಕು. ಅವರಿಗೆ ಅದು ದಿನದ ಕೆಲಸ, ನನ್ನಂಥವರನ್ನು ಬೇಕಾದಷ್ಟು ನೋಡಿರುತ್ತಾರೆ. ಆದರೂ ಡಬ್ಬಿಯನ್ನು ಬದಿಗಿಟ್ಟು ಮೊದಲು ಪ್ರಾಣಿಯ ಕಡೆ ತಿರುಗಿದರಲ್ಲ, ಅದು ಎಲ್ಲರಿಗೂ ಬರುವಂಥದ್ದಲ್ಲ.

ಗೂಡನ್ನು ಈಗ ದಿನಾ ಬಿಸಿನೀರಲ್ಲಿ ತೊಳೆದು ಒಣಗಿಸುತ್ತಿದ್ದೇನೆ. ಹುಲ್ಲು ನೆಲಕ್ಕೆ ಹರಡದೆ ತಟ್ಟಿಯಲ್ಲಿ ಎತ್ತರಕ್ಕೆ ಕಟ್ಟಿದ್ದೇನೆ, ಹಿಕ್ಕೆಯ ಜೊತೆ ಬೆರೆಯಬಾರದಲ್ಲ. ಚುಕ್ಕಿಯ ಜೊತೆಗಿರುವ ಗಂಡು ಮೊಲಕ್ಕೂ ಔಷಧಿ ಆಗಲೇಬೇಕು, ಇಲ್ಲದಿದ್ದರೆ ಒಂದರಿಂದ ಒಂದಕ್ಕೆ ತಿರುಗುತ್ತಲೇ ಇರುತ್ತೆ. ಅದು ಚುಕ್ಕಿಯ ಹಾಗೆ ಸಾಧು ಅಲ್ಲ, ಕಚ್ಚುತ್ತೆ. ಒಬ್ಬರು ಹಿಡಿಯಬೇಕು, ಒಬ್ಬರು ಕುಡಿಸಬೇಕು. ಎರಡನೇ ಸುತ್ತಿಗೆ ಅಕ್ಕ ಬರುತ್ತಾಳಂತೆ. ಟವೆಲ್ ಅವಳೇ ಹಿಡಿಯುತ್ತಾಳಂತೆ.