ಮೊದಲ ಸರ್ಫ್‌ಬೋರ್ಡ್ ಉದ್ದ ಇರಲಿ, ದಪ್ಪ ಇರಲಿ

ಮಂಗಳೂರು ಹತ್ತಿರದ ಸಸಿಹಿತ್ಲು ಕಡೆ ಎರಡು ಮೂರು ಸರ್ಫಿಂಗ್ ಕ್ಲಾಸ್ ಮುಗಿಸಿದವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ನಾನು ಯಾವ ಬೋರ್ಡ್ ತಗೊಳ್ಳಲಿ? ಕೇಳುವಾಗಲೇ ಮನಸ್ಸಿನಲ್ಲಿ ಒಂದು ಬೋರ್ಡ್ ಇರುತ್ತದೆ. ಆರಡಿ ಉದ್ದ, ಚೂಪು ಮೂತಿ, ತೆಳ್ಳಗೆ, ಬೆಳ್ಳಗೆ. ವಿಡಿಯೋಗಳಲ್ಲಿ ನೋಡಿದ್ದು ಅದನ್ನೇ ಅಲ್ವಾ. ದಯವಿಟ್ಟು ಅದು ಬೇಡ, ಈಗಲೇ ಬೇಡ. ಎಷ್ಟೋ ಜನ ಒಳ್ಳೆಯ ಉತ್ಸಾಹದಿಂದ ಶುರು ಮಾಡಿ, ತೆಳು ಬೋರ್ಡ್ ಕೊಂಡು, ಒಂದೂ ಅಲೆ ಸಿಗದೆ ಸುಸ್ತಾಗಿ ಸರ್ಫಿಂಗನ್ನೇ ಬಿಟ್ಟುಬಿಡುತ್ತಾರೆ. ನನಗೆ ಅದು ನಿಜವಾಗಿಯೂ ಬೇಜಾರಿನ ವಿಷಯ.

ಕಾರಣ ಸರಳ. ಸರ್ಫಿಂಗ್ ಅಂದರೆ ನಿಲ್ಲುವುದು ಅಂತ ನಾವು ಅಂದುಕೊಂಡಿರುತ್ತೇವೆ, ಆದರೆ ನೀರಿನಲ್ಲಿ ಕಳೆಯುವ ಸಮಯದಲ್ಲಿ ಬಹುಪಾಲು ಹೊಟ್ಟೆ ಮೇಲೆ ಮಲಗಿ ಕೈಯಲ್ಲಿ ನೀರು ಎಳೆಯುವುದರಲ್ಲೇ ಹೋಗುತ್ತದೆ. ಅಲೆ ಹಿಂದಿನಿಂದ ಬರುವಾಗ ನಿಮ್ಮ ವೇಗ ಅದರ ವೇಗಕ್ಕೆ ಹತ್ತಿರ ಇರಬೇಕು, ಇಲ್ಲದಿದ್ದರೆ ಅದು ಕೆಳಗಿನಿಂದ ಸುಮ್ನೆ ದಾಟಿ ಹೋಗುತ್ತದೆ. ಉದ್ದ, ಅಗಲ, ದಪ್ಪ ಇರುವ ಬೋರ್ಡ್ ನಿಮ್ಮನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತದೆ, ಬೇಗ ಜಾರುತ್ತದೆ, ಅಲೆ ಕಡಿದಾಗುವ ಮೊದಲೇ ಹಿಡಿದುಕೊಳ್ಳುತ್ತದೆ. ಎದ್ದು ನಿಲ್ಲಲು ಟೈಮ್ ಸಿಗುತ್ತದೆ. ತೆಳು ಬೋರ್ಡ್ ಮೇಲೆ ಮಲಗಿದರೆ ಅದು ಅರ್ಧ ಮುಳುಗಿಯೇ ಇರುತ್ತದೆ. ಅದು ವೇಗ ಬಂದ ಮೇಲಷ್ಟೇ ಮೇಲೇಳುವ ಬೋರ್ಡ್, ಮತ್ತು ಆ ವೇಗ ಕಲಿಯುವವರ ತೋಳಿನಲ್ಲಿ ಇನ್ನೂ ಬಂದಿರುವುದಿಲ್ಲ.

ಎಷ್ಟು ದೊಡ್ಡದು ಬೇಕು ಅಂತ ತಿಳಿಯಲು ಲೀಟರ್ ಲೆಕ್ಕ ನೋಡಿ. ಈಗಿನ ಬಹಳಷ್ಟು ಬೋರ್ಡ್‌ಗಳ ಮೇಲೆ ಉದ್ದ, ಅಗಲ, ದಪ್ಪದ ಜೊತೆಗೆ ಲೀಟರ್ ಕೂಡ ಬರೆದಿರುತ್ತಾರೆ. ಅದು ಬೋರ್ಡಿನ ಒಟ್ಟು ಗಾತ್ರ, ಅಂದರೆ ಎಷ್ಟು ತೇಲುತ್ತದೆ ಅನ್ನುವ ಲೆಕ್ಕ. ಹೊಸಬರಿಗೆ ನಿಮ್ಮ ತೂಕ ಎಷ್ಟು ಕೆ.ಜಿ.ಯೋ ಕನಿಷ್ಠ ಅಷ್ಟು ಲೀಟರ್ ಇರಲಿ, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. 70 ಕೆ.ಜಿ. ಇರುವವರು 70 ಲೀಟರ್‌ಗಿಂತ ಕೆಳಗೆ ಇಳಿಯಬಾರದು. ಅದೇ ತೂಕದ, ಚೆನ್ನಾಗಿ ಪಳಗಿದ ಸರ್ಫರ್ 30 ಲೀಟರ್ ಒಳಗಿನ ಬೋರ್ಡಿನಲ್ಲಿ ಆಡುತ್ತಾರೆ. ಇವೆರಡರ ನಡುವಿನ ದಾರಿ ನಿಧಾನವಾಗಿ ನಡೆಯಬೇಕಾದದ್ದು. ಎತ್ತರಕ್ಕಿಂತ ತೂಕ ಮುಖ್ಯ ಅನ್ನುವುದನ್ನೂ ನೆನಪಿಡಿ. ಹಾಗಂತ ಲೀಟರ್ ಒಂದೇ ಎಲ್ಲ ಹೇಳುವುದಿಲ್ಲ. 45 ಲೀಟರ್ ಅನ್ನು ಆರಡಿಯ ಗಿಡ್ಡ ದಪ್ಪ ಬೋರ್ಡಿನಲ್ಲೂ ತುಂಬಬಹುದು, ಏಳೂವರೆ ಅಡಿಯದರಲ್ಲೂ ತುಂಬಬಹುದು. ಲೀಟರ್ ಒಂದೇ ಇರುವ ಎರಡು ಬೋರ್ಡ್‌ಗಳಲ್ಲಿ ಕಲಿಯುವಾಗ ಉದ್ದದ್ದನ್ನೇ ಆರಿಸಿ, ಉದ್ದವೇ ಬೋರ್ಡನ್ನು ನೇರವಾಗಿ, ಅಲುಗಾಡದೆ ಓಡಿಸುತ್ತದೆ.

ಶುರುವಿಗೆ ಎಂಟರಿಂದ ಒಂಬತ್ತು ಅಡಿಯ ಫೋಮ್ ಬೋರ್ಡ್. ಅದರ ಮೇಲ್ಮೈ ಮೆತ್ತಗಿರುತ್ತದೆ, ಮತ್ತು ಅದು ಬರೀ ನಿಮ್ಮ ತಲೆ, ಮೊಣಕಾಲಿನ ವಿಷಯ ಅಲ್ಲ. ಭಾನುವಾರ ಪಣಂಬೂರಿಗೆ ಹೋಗಿದ್ದರೆ ನಿಮಗೇ ಗೊತ್ತು, ಮಂಡಿ ನೀರಿನಲ್ಲಿ ಎಷ್ಟು ಮಕ್ಕಳು ಆಡುತ್ತಿರುತ್ತಾರೆ. ಕೈತಪ್ಪಿದ ಗಟ್ಟಿ ಬೋರ್ಡ್ ಒಂದು ಮಗುವಿಗೆ ಬಡಿದರೆ ಏನಾಗುತ್ತದೆ ಅಂತ ಯೋಚಿಸಿ. ಇನ್ನೊಂದು ಮಾತು. ಹುಡುಗಿಯರಿಗೆ "ನಿಂಗೆ ಎತ್ತೋಕಾಗಲ್ಲ, ಚಿಕ್ಕದು ತಗೋ" ಅಂತ ಹೇಳುವವರು ಇದ್ದಾರೆ. ಹೊರುವ ಕಷ್ಟಕ್ಕೆ ಚಿಕ್ಕ ಬೋರ್ಡ್ ಪರಿಹಾರವಲ್ಲ. ತಲೆ ಮೇಲೆ ಇಟ್ಟುಕೊಳ್ಳಿ, ಇಲ್ಲ ಮೂತಿ ಒಬ್ಬರು, ಬಾಲ ಒಬ್ಬರು ಹಿಡಿದುಕೊಳ್ಳಿ. ದಡದ ಐದು ನಿಮಿಷದ ಸುಲಭಕ್ಕೆ ನೀರಿನಲ್ಲಿ ಇಡೀ ಬೆಳಗ್ಗೆ ಒದ್ದಾಡುವುದು ಯಾಕೆ?

ಮುಂದಿನ ಬೋರ್ಡಿಗೆ ಹೋಗುವುದು ಯಾವಾಗ? ತಿಂಗಳ ಲೆಕ್ಕ ಇಡಬೇಡಿ. ನೊರೆ ದಾಟಿ ಒಬ್ಬರೇ ಹೊರಗೆ ಹೋಗಿ, ಇನ್ನೂ ಒಡೆಯದ ಅಲೆಯನ್ನು ಯಾರೂ ಹಿಂದಿನಿಂದ ತಳ್ಳದೆ ಹಿಡಿದು, ಎದ್ದು, ಎಡಕ್ಕೋ ಬಲಕ್ಕೋ ಅದರ ಮೈಮೇಲೆ ಅಡ್ಡ ಓಡುವುದು ಬರುತ್ತದಾ? ಒಮ್ಮೆ ಅದೃಷ್ಟಕ್ಕೆ ಅಲ್ಲ, ಹೋದಾಗೆಲ್ಲ? ಹಾಗಿದ್ದರೆ ಏಳರಿಂದ ಎಂಟು ಅಡಿಯ, ಮೂತಿ ದುಂಡಗಿರುವ ಮಿಡ್‌ಲೆಂಗ್ತ್ ನೋಡಿ. ತಿರುಗಿಸುವುದನ್ನು ನಿಜವಾಗಿ ಕಲಿಸುವುದು ಇದೇ ಬೋರ್ಡ್. ನನ್ನನ್ನು ಕೇಳಿದರೆ ನಮ್ಮ ಕರಾವಳಿಯಲ್ಲಿ ಆಡುವ ಹೆಚ್ಚಿನವರು ವರ್ಷಗಟ್ಟಲೆ ಇಲ್ಲೇ ಇರಬಹುದು, ಏನೂ ಕಳೆದುಕೊಳ್ಳುವುದಿಲ್ಲ.

ಯಾಕೆಂದರೆ ಬೋರ್ಡ್ ಆರಿಸುವಾಗ ಅಲೆಯನ್ನೂ ಕೇಳಬೇಕು. ಇಲ್ಲಿ ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಚಳಿಗಾಲದುದ್ದಕ್ಕೂ ಸಾಮಾನ್ಯವಾಗಿ ಸಿಗುವುದು ಸೊಂಟದ ಎತ್ತರದ, ಬಲ ಕಡಿಮೆ ಇರುವ ಅಲೆ. ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುವ ಸಸಿಹಿತ್ಲಿನ ಅಳಿವೆ ಹತ್ತಿರ ಮರಳಿನ ದಿಬ್ಬ ಜಾಗ ಬದಲಿಸುತ್ತಾ ಇರುತ್ತದೆ, ಅಲೆ ಒಡೆಯುವ ಜಾಗವೂ ಅದರ ಜೊತೆ ಬದಲಾಗುತ್ತದೆ. ಇಂಥ ಮೆತ್ತನೆ ಅಲೆಯಲ್ಲಿ ಚೂಪು ಬೋರ್ಡ್ ನಿಂತುಬಿಡುತ್ತದೆ. ಅದಕ್ಕೆ ತಳ್ಳುವ ಅಲೆ ಬೇಕು. ಅಂಥದ್ದು ಇಲ್ಲಿ ಬರುವುದು ಮುಂಗಾರು ಹತ್ತಿರವಾದಾಗ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲಿನಲ್ಲಿ ನಡೆದದ್ದು ಮೇ ಕೊನೆಯಲ್ಲಿ. ಆಮೇಲೆ ಜೂನ್ ಬಂದರೆ ಕಲಿಯುವವರು ಕಡಲಿಗೆ ಇಳಿಯಲೇಬಾರದು.

ಚಿಕ್ಕ ಬೋರ್ಡ್ ಬೇಕೇ ಬೇಕು ಅನ್ನಿಸಿದರೆ ಮೊದಲು ಫಿಶ್ ನೋಡಿ. ಗಿಡ್ಡ, ಅಗಲ, ತಳ ಹೆಚ್ಚು ಬಾಗಿರದ, ಬಾಲ ಮೀನಿನ ಹಾಗೆ ಸೀಳಿರುವ ಬೋರ್ಡ್. 1960ರ ದಶಕದ ಕೊನೆಯಲ್ಲಿ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಇದನ್ನು ಮಂಡಿಯೂರಿ ಆಡಲು ಮಾಡಿದ್ದು. ಚಿಕ್ಕ ಅಲೆಯಲ್ಲೂ ಇದು ಚೆನ್ನಾಗಿ ಓಡುತ್ತದೆ. ಎಲ್ಲರೂ ಆಸೆಪಡುವ, ತಳದಲ್ಲಿ ಮೂರು ಫಿನ್ (ಮೀನಿನ ರೆಕ್ಕೆಯಂಥದ್ದು) ಇರುವ ಚೂಪು ಬೋರ್ಡ್ ಹೆಸರಾದದ್ದು 1981ರಲ್ಲಿ, ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ತಾನೇ ರೂಪಿಸಿದ ಅಂಥ ಬೋರ್ಡಿನಲ್ಲಿ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದಾಗ. ಅಲ್ಲಿಯ ದೊಡ್ಡ, ಬಲವಾದ ಅಲೆಗೂ ನಮ್ಮ ನವೆಂಬರ್ ಅಲೆಗೂ ಹೋಲಿಕೆಯೇ ಇಲ್ಲ. ಹಾಗೆಯೇ ಒಂಬತ್ತಡಿಯ ಲಾಂಗ್‌ಬೋರ್ಡ್ ಅಂದರೆ ಹೊಸಬರ ಬೋರ್ಡ್ ಅಂತ ತಿಳಿಯಬೇಡಿ. ಅದರ ಮೇಲೆ ಹೆಜ್ಜೆ ಹಾಕುತ್ತಾ ಮೂತಿಯ ತುದಿಗೆ ನಡೆದು ನಿಲ್ಲುವುದು ಬೇರೆಯೇ ಒಂದು ವಿದ್ಯೆ, ಅದನ್ನೇ ಜೀವನವಿಡೀ ಆಡುವವರಿದ್ದಾರೆ.

ಕೊಳ್ಳುವ ಮೊದಲು ಬಾಡಿಗೆಗೆ ತೆಗೆದುಕೊಂಡು ನೋಡಿ. ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ 2004ರಲ್ಲೇ ಶುರುವಾಗಿತ್ತು. ಈಗ ಮಂಗಳೂರು ಸುತ್ತಮುತ್ತ ಕಲಿಯಲು ಜಾಗಗಳಿವೆ. ಒಂದೇ ಬೆಳಗ್ಗೆ ಎಂಟಡಿಯದು, ಏಳಡಿಯದು ಎರಡನ್ನೂ ಅದೇ ಅಲೆಯಲ್ಲಿ ಆಡಿದರೆ, ನಾನು ಇಷ್ಟುದ್ದ ಬರೆದದ್ದು ನಿಮ್ಮ ತೋಳಿಗೇ ಅರ್ಥವಾಗುತ್ತದೆ. ಬೆಂಗಳೂರಿನಿಂದ ಬಂದು ಹೋಗುವವರಿಗಂತೂ ಬಾಡಿಗೆಯೇ ಸರಿ. ಒಂಬತ್ತಡಿ ಬೋರ್ಡ್ ಕಾರಿನ ಮೇಲೆ ಕಟ್ಟಿಕೊಂಡು ಘಾಟಿ ಇಳಿಯುವುದು ಪ್ರತಿ ಸಲ ಆಗುವ ಕೆಲಸವಲ್ಲ.

ಹಳೇ ಬೋರ್ಡ್ ಕೊಳ್ಳುವುದು ತಪ್ಪಲ್ಲ, ಆದರೆ ನೋಡಿ ಕೊಳ್ಳಿ. ಗಟ್ಟಿ ಬೋರ್ಡಾದರೆ ಮೇಲ್ಮೈಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ಎಲ್ಲಾದರೂ ಒಳಗೆ ಕುಸಿದರೆ ಅಲ್ಲಿ ಫೈಬರ್ ಪದರ ಫೋಮ್‌ನಿಂದ ಬಿಟ್ಟುಕೊಂಡಿದೆ ಅಂತ. ಫಿನ್ ಕೂರುವ ಜಾಗದ ಸುತ್ತ ಬಿರುಕಿದೆಯಾ, ಮೂತಿ ಬಾಲ ಒಡೆದು ನೀರು ಕುಡಿದು ಬೋರ್ಡ್ ಭಾರವಾಗಿದೆಯಾ ನೋಡಿ. ಕೊಂಡ ಮೇಲೆ ಏಪ್ರಿಲ್ ಬಿಸಿಲಿಗೆ ಗ್ಲಾಸ್ ಏರಿಸಿದ ಕಾರಿನೊಳಗೆ ಬಿಡಬೇಡಿ, ಹೊಸ ಬೋರ್ಡೂ ಒಂದೇ ಮಧ್ಯಾಹ್ನಕ್ಕೆ ಉಬ್ಬಿಕೊಳ್ಳಬಹುದು. ಕಾಲಿಗೆ ಕಟ್ಟುವ ಲೀಶ್ ಹೆಚ್ಚುಕಡಿಮೆ ಬೋರ್ಡಿನಷ್ಟೇ ಉದ್ದ ಇರಲಿ. ಅದು ಮಾತ್ರ ಹಳೇದು ಬೇಡ, ಹೊಸದೇ ತಗೊಳ್ಳಿ.