ಅಪ್ಪನ ಚಹಾದ ಜೊತೆಗೆ ಬಾದಾಮಿ ಬಿಸ್ಕತ್ತು

ಅಪ್ಪನಿಗೆ ಶುಗರ್ ಬಂದ ಮೇಲೆ ಚಹಾಕ್ಕೆ ಸಕ್ಕರೆ ಬಿಡುವುದು ಅಷ್ಟೇನೂ ಕಷ್ಟವಾಗಲಿಲ್ಲ. ಚಹಾದ ಜೊತೆ ತಿನ್ನಲು ಏನೂ ಇಲ್ಲವಲ್ಲ ಎಂಬುದೇ ಅವರ ಬೇಸರ. ಅಂಗಡಿಯಿಂದ ತಂದ ‘ಶುಗರ್ ಫ್ರೀ’ ಪೊಟ್ಟಣ ತಿರುಗಿಸಿ ಓದಿದರೆ ಮೊದಲ ಹೆಸರೇ ಮೈದಾ, ಆಮೇಲೆ ಸಕ್ಕರೆಯ ಬದಲು ಹಾಕುವ ಮಾಲ್ಟಿಟಾಲ್ ಎಂಬ ಸಿಹಿ. ಮೈದಾದ ಪಿಷ್ಟ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸೇ ಆಗುತ್ತದೆ. ಮಾಲ್ಟಿಟಾಲ್ ಕೂಡ ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆ ಭಾನುವಾರ ಬಾದಾಮಿ ಬಿಸ್ಕತ್ತು ಮನೆಯಲ್ಲೇ ಮಾಡೋಣವೆಂದು ಹೊರಟೆ.

ಸಾಗರದಿಂದ ದೊಡ್ಡಮ್ಮ ಬಂದಿದ್ದರು, ಜೊತೆಗೆ ಜೋನಿ ಬೆಲ್ಲದ, ಅಂದರೆ ನೀರು ಬೆಲ್ಲದ, ಡಬ್ಬಿ. “ಇದನ್ನೇ ಹಾಕೇ, ಬೆಲ್ಲ ಏನೂ ಮಾಡಲ್ಲ” ಅಂದರು. ಬಿಸಿ ದೋಸೆಗೆ ತುಪ್ಪ, ಜೋನಿ ಬೆಲ್ಲ ಇದ್ದರೆ ನನಗೆ ಬೇರೇನೂ ಬೇಡ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ಒಂದಿಷ್ಟು ಖನಿಜಾಂಶ ಹೆಚ್ಚು ಇದ್ದ ಮಾತ್ರಕ್ಕೆ ಶುಗರ್ ಇರುವವರಿಗೆ ವಿನಾಯಿತಿ ಸಿಗುವುದಿಲ್ಲ. “ದೊಡ್ಡಮ್ಮ, ಅಪ್ಪನ ಮಟ್ಟಿಗೆ ಎರಡೂ ಒಂದೇ” ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಜೇನುತುಪ್ಪದ್ದೂ ಇದೇ ಕಥೆ. ಸಹಜ ಸಿಹಿಯಾದರೂ ಸರಿ, ಇಂಥ ಮನೆಯಲ್ಲಿ ಅದನ್ನು ತೂಗಿಯೇ ಹಾಕಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸ್ಟೀವಿಯಾ ಎಲೆಯಿಂದ ತೆಗೆದ ಪುಡಿ ರಕ್ತದ ಸಕ್ಕರೆ ಏರಿಸುವುದಿಲ್ಲ, ನಿಜ. ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿಯಾದ್ದರಿಂದ ಚಿಟಿಕೆ ಸಾಕು. ಆದರೆ ಆ ಚಿಟಿಕೆಯಿಂದ ಹಿಟ್ಟಿಗೆ ಅಂಟೂ ಬರುವುದಿಲ್ಲ, ಕಂದು ಬಣ್ಣವೂ ಬರುವುದಿಲ್ಲ. ನಾಲಿಗೆಯಲ್ಲಿ ಉಳಿಯುವ ಅದರ ಕಹಿಯೂ ಅಪ್ಪನಿಗೆ ಸೇರದು. ಖರ್ಜೂರವನ್ನೇ ಆರಿಸಿಕೊಂಡೆ. ಅದರಲ್ಲೂ ಮೂರರಲ್ಲಿ ಎರಡು ಪಾಲು ಸಕ್ಕರೆ ಇದೆ, ಆದರೆ ನಾರೂ ಇದೆ. ಅರೆದರೆ ಹಿಟ್ಟನ್ನು ಹಿಡಿದುಕೊಳ್ಳುತ್ತದೆ, ಹೀಗಾಗಿ ಸ್ವಲ್ಪವೇ ಸಾಕು.

200 ಗ್ರಾಂ ಬಾದಾಮಿಯನ್ನು ಬಿಸಿನೀರಿನಲ್ಲಿ ಹಾಕಿ ಸಿಪ್ಪೆ ಬಿಡಿಸಿ, ಹಿಂದಿನ ದಿನವೇ ಬಟ್ಟೆಯ ಮೇಲೆ ಹರವಿ ಒಣಗಿಸಿದ್ದೆ. ಪುಡಿ ಮಾಡುವಾಗ ಮಿಕ್ಸಿಯನ್ನು ಒಂದೇ ಸಮನೆ ಓಡಿಸಬಾರದು. ಬಾದಾಮಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ. ಜಾರು ಬಿಸಿಯಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದು ಕ್ಷಣ ತಿರುಗಿಸಿ, ನಿಲ್ಲಿಸಿ, ಚಮಚದಿಂದ ಬುಡ ಕೆದಕಿ, ಮತ್ತೆ ತಿರುಗಿಸಬೇಕು. ಜರಡಿಯಲ್ಲಿ ಉಳಿದ ತರಿಯನ್ನು ಎಸೆಯಲಿಲ್ಲ, ಹಿಟ್ಟಿಗೇ ಸೇರಿಸಿದೆ. ಕಚ್ಚಿದಾಗ ಹಲ್ಲಿಗೆ ಸಿಗುವ ಆ ತರಿಯೇ ಇದರ ರುಚಿ.

ಬೀಜ ತೆಗೆದ 80 ಗ್ರಾಂ ಖರ್ಜೂರ ನೆನೆಸಿ ಅರೆದು, ಮೂರು ಚಮಚ ತುಪ್ಪ, ಏಲಕ್ಕಿ ಪುಡಿ, ಚಿಟಿಕೆ ಉಪ್ಪಿನ ಜೊತೆ ಕಲಸಿದೆ. ಉಪ್ಪು ಬಿಡಬಾರದು, ಸಿಹಿ ಕಡಿಮೆಯಿದ್ದಾಗ ಅದನ್ನು ಎತ್ತಿ ತೋರಿಸುವುದು ಅದೇ. ಸಕ್ಕರೆ ಕರಗಿದಾಗ ಬಿಸ್ಕತ್ತು ತಾನಾಗಿ ಹರಡಿಕೊಳ್ಳುತ್ತದೆ. ಇಲ್ಲಿ ಹಾಗಾಗುವುದಿಲ್ಲ, ಉಂಡೆ ಇಟ್ಟರೆ ಉಂಡೆಯಾಗಿಯೇ ಬೇಯುತ್ತದೆ. ದೊಡ್ಡಮ್ಮ ಒಂದೊಂದನ್ನೂ ಅಂಗೈಯಲ್ಲಿ ತಟ್ಟಿ, ಅಂಚಿನ ಬಿರುಕನ್ನು ಹೆಬ್ಬೆರಳಿನಿಂದ ಸವರಿ ಕೊಟ್ಟರು. ಒಟ್ಟು 24 ಆದವು. ಲೆಕ್ಕ ಹಾಕಿದರೆ ಒಂದಕ್ಕೆ ಸುಮಾರು ಎರಡೂವರೆ ಗ್ರಾಂ ಸಕ್ಕರೆ.

ಓವನ್ 160 ಡಿಗ್ರಿಯಲ್ಲಿ, ಹದಿನೈದು ನಿಮಿಷದ ಆಸುಪಾಸು. ಬಾದಾಮಿಯೂ ಖರ್ಜೂರವೂ ಬೇಗ ಕಪ್ಪಾಗುವ ಜಾತಿ, ಅಂಚಿಗೆ ಹೊಂಬಣ್ಣ ಬಂದ ಕೂಡಲೇ ತೆಗೆಯಬೇಕು. “ಇನ್ನೂ ಮೆತ್ತಗಿದೆಯಲ್ಲೇ” ಎಂದು ದೊಡ್ಡಮ್ಮ ಗಾಬರಿಯಾದರು. ತಟ್ಟೆಯಲ್ಲೇ ಆರಲು ಬಿಟ್ಟೆವು. ಆರಿದ ಮೇಲೆ ಅಂಚು ಗಟ್ಟಿಯಾಗಿ, ನಡುವೆ ಮಾತ್ರ ಮೃದುವಾಗಿ ಉಳಿಯಿತು.

ಅಪ್ಪ ಒಂದನ್ನು ನಿಧಾನವಾಗಿ ತಿಂದು, “ಏಲಕ್ಕಿ ಚೆನ್ನಾಗಿ ಹಿಡಿದಿದೆ” ಅಂದರು. ಇನ್ನೊಂದು ತೆಗೆದುಕೊಂಡರು. ಮೂರನೆಯದಕ್ಕೆ ಕೈ ಹೋದಾಗ ದೊಡ್ಡಮ್ಮನೇ ತಟ್ಟೆಯನ್ನು ಆಚೆ ಸರಿಸಿ, “ಸಾಕು ಕಣೋ, ನಾಳೆಗಿರಲಿ” ಅಂದರು. ಖರ್ಜೂರದ ಪಸೆ ಇರುವುದರಿಂದ ಹೊರಗಿಟ್ಟರೆ ಬಹಳ ದಿನ ಬಾಳುವುದಿಲ್ಲ. ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಮುಚ್ಚಳದ ಮೇಲೆ ‘ಶುಗರ್ ಫ್ರೀ’ ಎಂದು ಬರೆಯಲು ಮನಸ್ಸಾಗಲಿಲ್ಲ. ‘ಖರ್ಜೂರ ಇದೆ, ದಿನಕ್ಕೆ ಎರಡು’ ಎಂದು ಬರೆದೆ.